ಸೂಜಿಯ ಮೇಲಿನ ಅಪವಾದ

ಗಂಟು ಕೈಗೆ ಸಿಕ್ಕಿದ್ದು ಜನವರಿಯ ಒಂದು ಭಾನುವಾರ, ತಲೆಗೆ ಸ್ನಾನ ಮಾಡುವಾಗ. ಎಡ ಸ್ತನದ ಹೊರಬದಿಯಲ್ಲಿ, ನೆಲ್ಲಿಕಾಯಿಗಿಂತ ಸ್ವಲ್ಪ ಚಿಕ್ಕದು. ಒತ್ತಿದರೆ ನೋವಿಲ್ಲ. ಬೆರಳಿಟ್ಟರೆ ಜಾರಿ ಪಕ್ಕಕ್ಕೆ ಹೋಗುತ್ತಿತ್ತು. ಆಮೇಲಿನ ಎರಡು ವಾರ ನಾನು ಮಾಡಿದ್ದು ಇಷ್ಟೇ: ರಾತ್ರಿಯೆಲ್ಲ ಗೂಗಲ್ ಮಾಡೋದು, ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಎಲ್ಲ ಸರಿಯಾಗಿದೆ ಅನ್ನೋದು.

ಕೊನೆಗೆ ರೂಮ್‌ಮೇಟ್ ಬೈದು ಸರ್ಜನ್ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟ್ರು ಕೈಯಲ್ಲಿ ಮುಟ್ಟಿ ನೋಡಿದರು, ಅವತ್ತೇ ಅಲ್ಟ್ರಾಸೌಂಡ್ ಆಯ್ತು. ನನ್ನ ವಯಸ್ಸಿನವರ ಸ್ತನದ ಅಂಗಾಂಶ ದಟ್ಟವಾಗಿರುತ್ತೆ, ಮ್ಯಾಮೊಗ್ರಾಮ್‌ನಲ್ಲಿ ಗಂಟು ಮರೆಯಾಗಬಹುದು, ಅದಕ್ಕೇ ಮೊದಲು ಸ್ಕ್ಯಾನ್ ಅಂದರು. "ನೋಡೋಕೆ ಭಯ ಪಡೋ ಥರ ಇಲ್ಲ. ಆದರೂ ಒಂದು ಎಫ್‌ಎನ್‌ಎಸಿ ಮಾಡಿಸಿಬಿಡಿ" ಅಂತ ಚೀಟಿ ಬರೆದುಕೊಟ್ಟರು. ಅಂದರೆ ಸಣ್ಣ ಸೂಜಿ ಚುಚ್ಚಿ, ಗಂಟಿನೊಳಗಿನ ಜೀವಕೋಶಗಳನ್ನ ಎಳೆದು, ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಗಂಟು ಅಂದಾಗ ಸುಮ್ಮನೆ ಕೇಳಿಸಿಕೊಂಡವಳು, ಸೂಜಿ ಅಂದ ಕೂಡಲೇ ಗಾಬರಿಯಾದಳು.

"ಸೂಜಿ ಮಾತ್ರ ಹಾಕಿಸ್ಬೇಡ ಕಣೇ. ಕೆದಕಿದ್ರೆ ಕೆರಳುತ್ತೆ. ದೊಡ್ಡಮ್ಮಂದು ನೆನಪಿಲ್ವಾ?"

ನೆನಪಿತ್ತು. ಆ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ದೊಡ್ಡಮ್ಮ ಚೆನ್ನಾಗೇ ಓಡಾಡಿಕೊಂಡಿದ್ದರು, ಶಿವಮೊಗ್ಗದಲ್ಲಿ ಯಾರೋ ಡಾಕ್ಟ್ರು ಸೂಜಿ ಚುಚ್ಚಿದರು, ಅಲ್ಲಿಂದ ಕಾಯಿಲೆ ಮೈಯೆಲ್ಲ ಹರಡಿತು, ಒಂಬತ್ತು ತಿಂಗಳಲ್ಲಿ ಹೋಗಿಬಿಟ್ಟರು. ನಾನಾಗ ಎಂಟನೇ ಕ್ಲಾಸು. ಒಂದಾದ ಮೇಲೆ ಇನ್ನೊಂದು ಆಯ್ತು ಅಂದರೆ ಅದರಿಂದಲೇ ಇದು ಆಯ್ತು ಅಂತಲ್ಲ, ಲಾಗ್ ಪೂರ್ತಿ ನೋಡಿ ಅಂತ ಆಫೀಸಲ್ಲಿ ಜೂನಿಯರ್‌ಗಳಿಗೆ ದಿನಾ ಹೇಳೋಳು ನಾನು. ಆದರೆ ದೊಡ್ಡಮ್ಮನ ವಿಷಯದಲ್ಲಿ ಒಂದು ದಿನವೂ ಹಾಗೆ ಕೇಳಿಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ ಎರಡು ವಾರ ತಳ್ಳಿದ್ದೂ ಅದೇ ಕಥೆಯ ಭಯಕ್ಕೆ.

ಮರುದಿನ ಅಮ್ಮ ಕಡೂರಿನಿಂದ ರೈಲು ಹತ್ತಿ ಬಂದಳು, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು. ತಡೆಯೋಕೆ ಬಂದಳೋ, ಜೊತೆಗಿರೋಕೆ ಬಂದಳೋ, ಅವಳಿಗೂ ಗೊತ್ತಿರಲಿಲ್ಲ ಅನ್ಸುತ್ತೆ.

ಪರೀಕ್ಷೆ ಮಾಡುವ ಕೋಣೆ ನಾನಂದುಕೊಂಡ ಹಾಗೆ ಆಪರೇಷನ್ ಥಿಯೇಟರ್ ಥರ ಇರಲಿಲ್ಲ. ಒಂದು ಮಂಚ, ಒಂದು ಮೇಜು, ಮೇಜಿನ ಮೇಲೆ ಗಾಜಿನ ಸ್ಲೈಡುಗಳು, ಆಲ್ಕೋಹಾಲ್ ತುಂಬಿದ ಜಾಡಿ. ಪೆಥಾಲಜಿ ಡಾಕ್ಟರ್ ಮೇಡಂ ಸೂಜಿ ತೋರಿಸಿದರು. ರಕ್ತ ತೆಗೆಯೋಕೆ ಬಳಸುವಂಥದ್ದೇ, 23 ಗೇಜ್. ಗೇಜ್ ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಣ್ಣ ಅಂತ ಅವತ್ತು ಗೊತ್ತಾಯ್ತು. ಅರಿವಳಿಕೆ ಬೇಕಾಗಲ್ಲ ಅಂದರು. ಸ್ಪಿರಿಟ್ ಹಚ್ಚಿ, ಜಾರುವ ಗಂಟನ್ನ ಎರಡು ಬೆರಳ ಮಧ್ಯೆ ಹಿಡಿದು, ಚುಚ್ಚಿ, ಸಿರಿಂಜಿನ ಹಿಡಿಯನ್ನ ಹಿಂದಕ್ಕೆಳೆದು, ಸೂಜಿಯನ್ನ ಒಳಗೇ ಹಿಂದೆ ಮುಂದೆ ಆಡಿಸಿದರು. ನೋವು ಅನ್ನೋದಕ್ಕಿಂತ ಏನೋ ಜಗ್ಗಿದ ಹಾಗೆ. ಹತ್ತು ಎಣಿಸೋದರೊಳಗೆ ಮುಗಿಯಿತು. ಬಂದಿದ್ದು ಒಂದು ಹನಿ. ಅದನ್ನ ಸ್ಲೈಡಿನ ಮೇಲೆ ಬಿಟ್ಟು, ಇನ್ನೊಂದು ಸ್ಲೈಡಿನಿಂದ ತೆಳ್ಳಗೆ ಸವರಿ, ಕೆಲವನ್ನ ಜಾಡಿಗೆ ಹಾಕಿದರು, ಕೆಲವನ್ನ ಗಾಳಿಗೆ ಒಣಗೋಕೆ ಬಿಟ್ಟರು. ಬಣ್ಣ ಹಾಕುವ ವಿಧಾನ ಎರಡಕ್ಕೂ ಬೇರೆಯಂತೆ.

ಎರಡು ದಿನದ ಮೇಲೆ ರಿಪೋರ್ಟ್ ಬಂತು: ಸಾಕಷ್ಟು ಜೀವಕೋಶ ಸಿಕ್ಕಿಲ್ಲ.

ಕ್ಯಾನ್ಸರ್ ಅಂತ ಬರೆದಿಲ್ಲವಲ್ಲ, ಇನ್ನೇನು ಬೇಕು, ಊರಿಗೆ ಹೋಗೋಣ ನಡಿ ಅಂದಳು ಅಮ್ಮ. ನನಗೂ ಆಸೆಯಾಯ್ತು. ಆದರೆ ಟೆಸ್ಟ್ ಓಡಲೇ ಇಲ್ಲ ಅನ್ನೋದಕ್ಕೂ ಟೆಸ್ಟ್ ಪಾಸಾಯ್ತು ಅನ್ನೋದಕ್ಕೂ ಇರೋ ವ್ಯತ್ಯಾಸ ನಾನು ಮರೆಯೋ ಹಾಗಿಲ್ಲ, ಅದೇ ನನ್ನ ಹೊಟ್ಟೆಪಾಡು. ಸರ್ಜನ್ ಕೂಡ ಅದನ್ನೇ ಹೇಳಿದರು. ಈ ಪರೀಕ್ಷೆಯ ಫಲಿತಾಂಶವನ್ನ ಯೋಕೊಹಾಮಾ ಪದ್ಧತಿ ಅಂತ 5 ವರ್ಗದಲ್ಲಿ ಬರೀತಾರೆ: ಸಾಲದು, ಬಿನೈನ್, ಅಸಹಜ, ಅನುಮಾನಾಸ್ಪದ, ಕ್ಯಾನ್ಸರ್. ನನ್ನದು 'ಸಾಲದು'. ಅಂದರೆ ಉತ್ತರವೇ ಅಲ್ಲ. ಬಿನೈನ್ ಅಂತ ಬಂದರೂ ಅದೊಂದನ್ನೇ ನಂಬಲ್ಲ. ಕೈಗೆ ಸಿಕ್ಕಿದ್ದು, ಸ್ಕ್ಯಾನ್‌ನಲ್ಲಿ ಕಂಡಿದ್ದು, ಸೂಜಿಯಲ್ಲಿ ಬಂದಿದ್ದು, ಮೂರೂ ಒಂದೇ ಮಾತು ಹೇಳಬೇಕು. ಒಂದು ತಕರಾರು ತೆಗೆದರೂ ದಪ್ಪ ಸೂಜಿಯ ಕೋರ್ ಬಯಾಪ್ಸಿ. ಅದು ಬಿಡಿ ಜೀವಕೋಶಗಳ ಬದಲು ಅಂಗಾಂಶದ ಎಳೆಯನ್ನೇ ತೆಗೆಯುತ್ತೆ. ಕ್ಯಾನ್ಸರ್ ಪಕ್ಕದ ಅಂಗಾಂಶಕ್ಕೆ ನುಗ್ಗಿದೆಯಾ ಅನ್ನೋದು ಗೊತ್ತಾಗೋದು ಅದರಲ್ಲೇ.

ಎರಡನೇ ಸಲ ಅಲ್ಟ್ರಾಸೌಂಡ್ ಪರದೆ ನೋಡಿಕೊಂಡೇ ಚುಚ್ಚಿದರು. ಅಮ್ಮನೂ ಒಳಗೆ ಬಂದು ನಿಂತಳು. ಮುಗಿದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು, "ಸೂಜಿ ಹಾಕಿದ್ರೆ ಹರಡುತ್ತೆ ಅಂತಾರಲ್ಲ ಮೇಡಂ? ನಮ್ಮಕ್ಕಂಗೆ ಹಂಗೇ ಆಯ್ತು."

ಮೇಡಂ ನಗಲಿಲ್ಲ, ರೇಗಲೂ ಇಲ್ಲ. ಈ ಸೂಜಿಯಿಂದ ಕಾಯಿಲೆ ಮೈಯೆಲ್ಲ ಹರಡಿ ಜೀವಕ್ಕೆ ಕುತ್ತು ಬರುತ್ತೆ ಅನ್ನೋದಕ್ಕೆ ಆಧಾರ ಇಲ್ಲಮ್ಮ ಅಂದರು. ಆಮೇಲೆ, "ನಿಮ್ಮಕ್ಕ ಡಾಕ್ಟ್ರ ಹತ್ರ ಹೋದಾಗ ಗಂಟು ಎಷ್ಟು ದೊಡ್ಡದಿತ್ತು?" ಅಂತ ಕೇಳಿದರು.

ಅಮ್ಮ ಉತ್ತರ ಕೊಡಲಿಲ್ಲ. ಹತ್ತಿ ಒತ್ತಿಹಿಡಿದಿದ್ದ ನನ್ನ ಕೈ ಮೇಲೆ ಕೈಯಿಟ್ಟಳು, ಅಷ್ಟೇ.

ಈ ಸಲ ಬಿನೈನ್ ಅಂತ ಬಂತು, ಫೈಬ್ರೋಅಡಿನೋಮಾ. ನಾನೇ ಕೇಳಿದ್ದಕ್ಕೆ ಮೇಡಂ ಸ್ಲೈಡ್ ತೋರಿಸಿದರು. ನೇರಳೆ ಬಣ್ಣದ ಜೀವಕೋಶಗಳು ಜಿಂಕೆಯ ಕೊಂಬಿನ ಹಾಗೆ ಕವಲೊಡೆದುಕೊಂಡು ಗುಂಪಾಗಿದ್ದವು. ಎರಡು ವಾರ ನನ್ನ ನಿದ್ದೆ ಕೆಡಿಸಿದ್ದು ಇಷ್ಟು ಚಂದ ಇರುತ್ತೆ ಅಂದುಕೊಂಡಿರಲಿಲ್ಲ. ಮೂರೂ ಪರೀಕ್ಷೆ ತಾಳೆಯಾಗಿದ್ದರಿಂದ ತೆಗೆಸಬೇಕಿಲ್ಲ, ಆರು ತಿಂಗಳಿಗೆ ಮತ್ತೆ ಸ್ಕ್ಯಾನ್, ನಡುವೆ ದೊಡ್ಡದಾದರೆ ಬನ್ನಿ ಅಂದರು ಸರ್ಜನ್.

ಅವತ್ತು ರಾತ್ರಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅಮ್ಮ ತಾನಾಗೇ ಶುರು ಮಾಡಿದಳು.

"ಎರಡು ವರ್ಷದಿಂದ ಇತ್ತು ಕಣೇ ಅಕ್ಕಂಗೆ. ಬಚ್ಚಲಲ್ಲಿ ನನಗೊಬ್ಬಳಿಗೇ ತೋರಿಸಿದ್ಲು. ಯಾರಿಗೂ ಹೇಳ್ಬೇಡ, ಮಗಳ ಮದುವೆ ಮುಗೀಲಿ ಅಂತ ಆಣೆ ಹಾಕಿಸ್ಕೊಂಡ್ಲು. ಮದುವೆ ಆಯ್ತು. ಆಮೇಲೆ ಬಾಣಂತನ ಮುಗೀಲಿ ಅಂದ್ಲು. ಶಿವಮೊಗ್ಗಕ್ಕೆ ಹೋಗೋ ಹೊತ್ತಿಗೆ ಅಲ್ಲಿ ಚರ್ಮ ಒಳಕ್ಕೆ ಎಳ್ಕೊಂಡಿತ್ತು. ಕಂಕುಳಲ್ಲೂ ಗಂಟು ಬಂದಿತ್ತು."

ಸ್ತನ ಅನ್ನೋ ಪದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲ್ಲ. 'ಅಲ್ಲಿ' ಅಂದರೆ ಅಲ್ಲಿ.

"ಮತ್ತೆ ಸೂಜಿಯಿಂದ ಹರಡ್ತು ಅಂತ ಮೊದಲು ಹೇಳಿದ್ದು ಯಾರಮ್ಮ?"

ಅವಳು ಬಹಳ ಹೊತ್ತು ಸಿಪ್ಪೆಯಲ್ಲೇ ಕೈಯಾಡಿಸಿದಳು. "ನಾನೇ ಇರ್ಬೇಕು" ಅಂದಳು.

ಬೈಯೋಕೆ ನನಗೆ ಬಾಯಿ ಬರಲಿಲ್ಲ. ಆದರೆ ದೊಡ್ಡಮ್ಮನ ಮಗಳು, ನಮ್ಮಕ್ಕ, ಈಗ ನಲವತ್ತಕ್ಕೆ ಬಂದಿದ್ದಾಳೆ. ತಾಯಿಗೆ ಇದ್ದರೆ ಮಗಳಿಗೂ ಅಪಾಯ ಜಾಸ್ತಿ, ಅವರು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ಸರ್ಜನ್ ಹೇಳಿದ್ದರು. ಅವಳೋ, ಸೂಜಿಯ ಕಥೆ ನಂಬಿಕೊಂಡು ಆಸ್ಪತ್ರೆ ಕಡೆ ತಲೆ ಹಾಕಿಯೂ ಮಲಗದವಳು. ಅವಳಿಗೆ ನಿಜ ಹೇಳು ಅಂದರೆ, ನಿನ್ನ ಮದುವೆಗೋಸ್ಕರ ನಿಮ್ಮಮ್ಮ ಮುಚ್ಚಿಟ್ಟಳು ಅಂತಲೂ ಹೇಳಬೇಕಾಗುತ್ತೆ. ಅದನ್ನ ಹೇಗೆ ಹೇಳಲಿ ಅಂದಳು ಅಮ್ಮ. ನನಗೂ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಅವಳೇ ನನ್ನ ಫೋನ್ ಇಸ್ಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಲ್ಯಾಪ್‌ಟಾಪ್ ತೆಗೆದು ಮೀಟಿಂಗ್‌ಗೆ ಸೇರಿಕೊಂಡೆ, ಯಾರೇನು ಹೇಳಿದರೋ ಒಂದೂ ಕಿವಿಗೆ ಬೀಳಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಅಮ್ಮ ಒಳಗೆ ಬಂದು ಫೋನ್ ಚಾರ್ಜಿಗೆ ಹಾಕಿದಳು.

"ಅತ್ಲು. ನನ್ನನ್ನೂ ಬೈದ್ಲು," ಅಂದಳು. "ಬುಧವಾರ ತೋರಿಸ್ಕೊಳ್ತಾಳಂತೆ. ನಾನೂ ಜೊತೆಗೆ ಹೋಗ್ತೀನಿ, ನಾಳೆ ರೈಲಿಗೆ ಟಿಕೆಟ್ ಮಾಡು."