ಎಂಟಕ್ಕೆ ಎಂಟು ಸರಿಯೇ?

ಜಾತಕ ಕೂಡಿಸುವುದೆಂದರೆ ನನಗೆ ಮೊದಲಿನಿಂದಲೂ ನಗೆ. ಮೂವತ್ತಾರು ಗುಣಗಳಲ್ಲಿ ಎಷ್ಟು ಕೂಡಿದವೆಂದು ನಮ್ಮಜ್ಜಿ ಬೆರಳು ಮಡಿಸುತ್ತಿದ್ದರೆ ನಾನು ಮರೆಯಲ್ಲಿ ನಿಂತು ನಗುತ್ತಿದ್ದೆ. ಆ ನಗೆಗೆ ತಕ್ಕ ಶಾಸ್ತಿಯಾದದ್ದು ಕಳೆದ ದಸರಾ ರಜೆಯಲ್ಲಿ, ಒಂದು ಹಳೆಯ ಕಂಪ್ಯೂಟರಿನ ಮುಂದೆ.

ವಿದ್ಯಾರ್ಥಿವೇತನದ ಹಣದಲ್ಲಿ, ಪ್ರೊಸೆಸರ್ ಸಹಿತವಾದ ಒಂದು ಮದರ್‌ಬೋರ್ಡನ್ನು ಯಾರೋ ಬಳಸಿ ಬಿಟ್ಟದ್ದನ್ನು ಕೊಂಡಿದ್ದೆ. ಪೆಟ್ಟಿಗೆಯೂ ಅದರೊಳಗಿನ ಎಸ್‌ಎಂಪಿಎಸ್ಸೂ ಸೋದರಮಾವನ ಮನೆಯಿಂದ ಬಂದವು. "ಇತಿಹಾಸ ಓದುವವನಿಗೆ ಈ ಉಸಾಬರಿ ಏಕಯ್ಯಾ?" ಎಂದರು ಗೆಳೆಯರು. ಪಂಪ್‌ಸೆಟ್ ರಿಪೇರಿ ಮಾಡುವ ನಮ್ಮಪ್ಪ ಮಾತ್ರ ಏನೂ ಹೇಳಲಿಲ್ಲ. ಬೋರ್ಡು ಸುಟ್ಟರೆ ಮತ್ತೊಂದನ್ನು ಕೊಳ್ಳುವ ಶಕ್ತಿ ನಮ್ಮ ಮನೆಗಿಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

24 ಪಿನ್ನಿನ ದೊಡ್ಡ ಕನೆಕ್ಟರ್ ಸಲೀಸಾಗಿ ಕುಳಿತಿತು. ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಹುಡುಕಿದಾಗ ಪ್ರೊಸೆಸರಿನ ಬಳಿ 8 ರಂಧ್ರಗಳ ಸಾಕೆಟ್ಟೊಂದು ಬರಿದಾಗಿ ಕಂಡಿತು. ಎಸ್‌ಎಂಪಿಎಸ್ಸಿನಲ್ಲಿಯೂ 8 ಪಿನ್ನಿನ ಒಂದು ಕೊಂಡಿ ಇತ್ತು. ಎಂಟಕ್ಕೆ ಎಂಟು! ಇನ್ನೇನು ಬೇಕು? ಒತ್ತಿದೆ, ಹೋಗಲಿಲ್ಲ. "ಮೂಲೆ ಸ್ವಲ್ಪ ಕೆತ್ತಿದರೆ ಕೂರುತ್ತದೆ ಕಣೋ" ಎಂದ ಪಕ್ಕದಲ್ಲಿದ್ದ ಗೆಳೆಯ. ನಾನು ಬ್ಲೇಡು ತಂದೇಬಿಟ್ಟೆ.

ಆಗ ಅಪ್ಪ ಬಾಯಿ ತೆರೆದರು: "ಕೂರದಿದ್ದರೆ ಅದಕ್ಕೊಂದು ಕಾರಣ ಇರ್ತದೆ ಮಗಾ. ಗೋಡೆ ಸ್ವಿಚ್ಚು ಆರಿಸಿ ತಂತಿ ಎಣಿಸು."

ಎಣಿಸಿದೆ. ನನ್ನ ಕೈಯಲ್ಲಿದ್ದ ಕೊಂಡಿಗೆ ಹಳದಿ ತಂತಿ ಮೂರು, ಕಪ್ಪು ಐದು. ಅದು 6 ಮತ್ತು 2 ಎಂದು ಬೇರ್ಪಡುವ ಗ್ರಾಫಿಕ್ಸ್ ಕಾರ್ಡಿನ ಕೊಂಡಿ. ಪ್ರೊಸೆಸರಿಗೆ ಬೇಕಾದದ್ದು 12 ವೋಲ್ಟಿನ ಹಳದಿ ನಾಲ್ಕು, ಕಪ್ಪು ನಾಲ್ಕು. ಅದು ಬೇರ್ಪಟ್ಟರೆ 4 ಮತ್ತು 4. ಪ್ರೊಸೆಸರಿನ ಕೊಂಡಿಯಲ್ಲಿ ಚಿಲಕದ ಬದಿಗೆ ಹಳದಿ, ಗ್ರಾಫಿಕ್ಸಿನದರಲ್ಲಿ ಅದೇ ಬದಿಗೆ ಕಪ್ಪು. ಮೂಲೆ ಕೆತ್ತಿ ತುರುಕಿದ್ದರೆ ಹಳದಿ ಹೋಗಿ ಕಪ್ಪಿನ ಮನೆ ಸೇರಿ ಷಾರ್ಟ್ ಆಗುತ್ತಿತ್ತು. ಕೆಲವು ರಂಧ್ರಗಳು ಚೌಕ, ಕೆಲವು ಮೂಲೆ ಸವರಿದಂತಿರುವುದು ಅಂದಕ್ಕಲ್ಲ, ನನ್ನಂಥವರನ್ನು ತಡೆಯುವುದಕ್ಕೆ!

ತಂತಿಯ ಕಟ್ಟಿನೊಳಗೆ 4 ಪಿನ್ನಿನ ಪುಟ್ಟ ಕೊಂಡಿಯೊಂದು ಅಡಗಿತ್ತು. ಇತಿಹಾಸದ ವಿದ್ಯಾರ್ಥಿಯಾದ್ದರಿಂದ ಅದರ ವಂಶಾವಳಿಯನ್ನೂ ಕೆದಕಿದೆ. ಪೆಂಟಿಯಂ 4 ಬಂದ 2000ದ ಕಾಲದ್ದು ಅದು. ಅದಕ್ಕೆ ಮೊದಲು ಪ್ರೊಸೆಸರಿನ ಅನ್ನ ಸಾಮಾನ್ಯವಾಗಿ 5 ವೋಲ್ಟಿನ ತಂತಿಯಿಂದ ಬರುತ್ತಿತ್ತು. ಹಸಿವು ಹೆಚ್ಚಿದಾಗ 12 ವೋಲ್ಟಿಗೆ ಬದಲಾಯಿಸಿದರು. ವೋಲ್ಟು ಹೆಚ್ಚಿದರೆ ಅಷ್ಟೇ ವ್ಯಾಟಿಗೆ ಕಡಿಮೆ ಆಂಪಿಯರ್ ಸಾಕು, ತಂತಿ ಬಿಸಿಯಾಗುವುದೂ ಕಡಿಮೆ. ನನ್ನ ಪ್ರೊಸೆಸರ್ 65 ವ್ಯಾಟಿನದು. 12ರಿಂದ ಭಾಗಿಸಿದರೆ ಸುಮಾರು ಐದೂವರೆ ಆಂಪಿಯರ್. ಎರಡು ಹಳದಿ ತಂತಿಗಳು ಹೊರಬಲ್ಲ ಹೊರೆಯೇ. ಎಂಟರ ಸಾಕೆಟ್ಟಿನ ಅರ್ಧಕ್ಕೆ ನಾಲ್ಕನ್ನು ಸಿಕ್ಕಿಸಬಹುದೆಂದು ಬೋರ್ಡಿನ ಕೈಪಿಡಿಯೂ ಒಪ್ಪಿತ್ತು. ಹಸಿವು ದೊಡ್ಡದಾದ ಪ್ರೊಸೆಸರಾಗಿದ್ದರೆ ಎಂಟೂ ಬೇಕಾಗುತ್ತಿದ್ದವು.

ಸಿಕ್ಕಿಸಿದೆ, "ಟಕ್" ಎಂದಿತು. ಪರದೆ ಬೆಳಗಿತು. ಅಪ್ಪ ಅಷ್ಟರಲ್ಲಿ ಯಾರದೋ ಮೋಟಾರು ನೋಡಲು ಹೊರಟುಹೋಗಿದ್ದರು.

ಎಂಟಕ್ಕೆ ಎಂಟು ಸುಳ್ಳಾಯಿತು, ಎಂಟಕ್ಕೆ ನಾಲ್ಕು ನಿಜವಾಯಿತು. ಪದವಿಯ ಮೂರು ವರ್ಷಗಳಲ್ಲಿ ನಾನು ಸಂಖ್ಯೆಗಳನ್ನು ಬಾಯಿಪಾಠ ಮಾಡಿದ್ದೆನೇ ಹೊರತು, ಅಪ್ಪನಂತೆ ತಂತಿ ಎಣಿಸಿರಲಿಲ್ಲ. ಈ ಪ್ರಬಂಧವನ್ನು ಬೆರಳಚ್ಚು ಮಾಡಿದ್ದು ಅದೇ ಯಂತ್ರದಲ್ಲಿ. ಬ್ಲೇಡನ್ನು ಅಪ್ಪನ ಗಡ್ಡಕ್ಕೆ ಹಿಂದಿರುಗಿಸಿದ್ದೇನೆ.