ನಿಶಿ ಕಸಾಯಿಯ ಹೋಂವರ್ಕ್

ತೊಝಾಯ್ ಮಾರ್ಗದ ಮೆಟ್ರೊ ನೆಲದಡಿಯ ಕತ್ತಲಿನಿಂದ ಒಮ್ಮೆಲೇ ಬೆಳಕಿಗೆ ಬಂದು, ಅರಕಾವಾ ನದಿ ದಾಟಿ ನಿಶಿ ಕಸಾಯಿಯಲ್ಲಿ ನಿಂತಿತು. ಜೂನ್ ತಿಂಗಳ ಜಿಟಿಜಿಟಿ ಮಳೆ. 2000ದ ಆಸುಪಾಸಿನಲ್ಲಿ ವೈ-ಟು-ಕೆ ಗಡಿಬಿಡಿಗೆಂದು ಬಂದ ನಮ್ಮ ಕಂಪ್ಯೂಟರ್ ಎಂಜಿನಿಯರುಗಳು ಬೇರೂರಿದ ಟೋಕಿಯೊ ಬಡಾವಣೆ ಇದು. ತೊಗರಿಬೇಳೆ, ಇಂಗು ಎಲ್ಲ ಸಿಗುತ್ತದೆ. ಇಂಡಿಯನ್ ಸ್ಕೂಲುಗಳೂ ಈ ಕಡೆ ಇವೆ. ನನ್ನ ತಂಗಿ ಮಾತ್ರ ಮಗಳನ್ನು ಪಕ್ಕದ ಬೀದಿಯ ಜಪಾನಿ ಸರ್ಕಾರಿ ಶಾಲೆಗೆ ಹಾಕಿದ್ದಾಳೆ.

ಒಂದನೇ ಕ್ಲಾಸಿನ ಆ ಮಗು ಬೆಳಗ್ಗೆ ಹಳದಿ ಟೋಪಿ ಹಾಕಿ, ಬೆನ್ನಿಗಿಂತ ಅಗಲವಾದ ರಂದೊಸೆರು ಚೀಲ ಏರಿಸಿಕೊಂಡು, ಓರಗೆಯವರ ಜೊತೆ ತಾನೇ ನಡೆದು ಹೋಗುತ್ತದೆ. ಹಿಂದೆ ಅಮ್ಮನಿಲ್ಲ, ಆಟೋ ಇಲ್ಲ, ಸ್ಕೂಲ್ ಬಸ್ಸಿಲ್ಲ. ನಾನು ಬಾಲ್ಕನಿಯಲ್ಲಿ ಬಾಯಿ ಬಿಟ್ಟು ನಿಂತೆ. ಆರು ವರ್ಷವೂ ಅದೇ ಚೀಲವಂತೆ.

ಮಗು ಶಾಲೆಗೆ ಹೋದ ಮೇಲೆ ತಂಗಿ ಗಣಿತದ ಡಬ್ಬಿ ತೆರೆದು ತೋರಿಸಿದಳು. ಎಣಿಸುವ ಕಡ್ಡಿಗಳು, ಹುಣಸೆಬೀಜದಷ್ಟಿರುವ ಬಣ್ಣದ ಬಿಲ್ಲೆಗಳು. ಒಂದೊಂದು ಕಡ್ಡಿಗೂ ಒಂದೊಂದು ಬಿಲ್ಲೆಗೂ ಮಗುವಿನ ಹೆಸರಿನ ಚೀಟಿ! ಏಪ್ರಿಲ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಗಂಡ ಹೆಂಡತಿ ರಾತ್ರಿ ಕೂತು, ಅಕ್ಕಿಕಾಳಿನಗಲದ ಆ ಚೀಟಿಗಳನ್ನು ಚಿಮಟದಲ್ಲಿ ಹಿಡಿದು ಅಂಟಿಸಿದ್ದರಂತೆ. ಕಡ್ಡಿ ಕಳೆದರೆ ಯಾರದೆಂದು ಗೊತ್ತಾಗಬೇಕಲ್ಲ, ಎಂದಳು. ಇದು ಶಿಸ್ತೋ ಹುಚ್ಚೋ, ನನಗಿನ್ನೂ ತೀರ್ಮಾನವಾಗಿಲ್ಲ.

ಸಂಜೆಯ ಹೋಂವರ್ಕೆಂದರೆ ಗಟ್ಟಿಯಾಗಿ ಓದುವುದು. ಓದುವುದು ಮಗು, ಕೇಳಬೇಕಾದವಳು ತಾಯಿ. ದನಿ ದೊಡ್ಡದಿತ್ತೇ, ಮಾತು ಸ್ಪಷ್ಟವಿತ್ತೇ, ಭಾವ ಬಂತೇ ಎಂದು ಶಾಲೆಯ ಕಾರ್ಡಿನಲ್ಲಿ ಅವಳು ಗುರುತು ಹಾಕಬೇಕು. ಜೋಡಿ ವೃತ್ತವಾದರೆ ಭೇಷ್, ಒಂಟಿ ವೃತ್ತ ಪರವಾಗಿಲ್ಲ, ತ್ರಿಕೋನವಾದರೆ ಸಾಲದು. ಕೆಳಗೆ ಸಹಿ. ಆ ವಾರ ದೊಡ್ಡ ಟರ್ನಿಪ್ ಗಡ್ಡೆಯ ಪಾಠ. ರಷ್ಯಾದ ಜಾನಪದ ಕತೆ. ಅಜ್ಜ, ಅಜ್ಜಿ, ಮೊಮ್ಮಗಳು, ನಾಯಿ, ಬೆಕ್ಕು, ಕೊನೆಗೆ ಇಲಿ, ಒಬ್ಬರನ್ನೊಬ್ಬರು ಹಿಡಿದು ಎಳೆಯುತ್ತಾರೆ. ಮಗು ಸೋಫಾದ ಮೇಲೆ ನಿಂತು ಎಳೆದೇ ಎಳೆದಳು. ಒಗ್ಗರಣೆ ಹಾಕುತ್ತಲೇ ತಂಗಿ ಕೇಳಿಸಿಕೊಂಡಳು. ಅವಳಿಗೆ ಬರುವ ಜಪಾನಿ ಅಂಗಡಿಯ ಲೆಕ್ಕಕ್ಕೆ ಸಾಕು, ಅಷ್ಟೇ. ಆದರೂ ದನಿ ನುಂಗಿದ ಕಡೆ ಥಟ್ಟನೆ ತಿರುಗಿ ನೋಡಿದಳು. ಮಗು ಆ ಸಾಲನ್ನು ಮತ್ತೆ ಓದಿತು.

ಬೆಂಗಳೂರಿನಲ್ಲಿ ನನ್ನ ಮಕ್ಕಳಿಗೆ ನಾನೇ ಎರಡನೇ ಟೀಚರಾಗಿದ್ದೆ. ಪ್ರಾಜೆಕ್ಟಿನ ಥರ್ಮೋಕೋಲೂ ನನ್ನದೇ. ಇಲ್ಲಿ ಪಾಠ ಹೇಳುವುದು ಶಾಲೆಯ ಕೆಲಸ, ತಾಯಿ ಕಿವಿ ಕೊಟ್ಟರಾಯಿತು. ಹಾಗೆಂದು ಸಲೀಸೇನಲ್ಲ. ಚೀಲದಿಂದ ದಿನಾ ಉದುರುವ ಜಪಾನಿ ಸುತ್ತೋಲೆಗಳನ್ನು ತಂಗಿ ಮೊಬೈಲ್ ಕ್ಯಾಮೆರಾ ಹಿಡಿದು ಓದಿಕೊಳ್ಳುತ್ತಾಳೆ. ನಾಳೆಗೆ ಹಾಲಿನ ಖಾಲಿ ಡಬ್ಬ ಬೇಕೆಂಬುದು ರಾತ್ರಿ ಹತ್ತಕ್ಕೆ ಗೊತ್ತಾಗಿ, ಇದ್ದ ಹಾಲನ್ನೆಲ್ಲ ಕಾಯಿಸಿ ಕುಡಿದೆವು.

ಭಾನುವಾರ ಕನ್ನಡ. ಜಪಾನಿ ಅಕ್ಷರ ತಿದ್ದುವ, ನಡುವೆ ಚುಕ್ಕಿಗೆರೆಯ ಶಿಲುಬೆಯಿರುವ ಚೌಕಗಳ ಪುಸ್ತಕದಲ್ಲೇ ತಂಗಿಯ ಮಗಳು ನಮ್ಮ ವರ್ಣಮಾಲೆ ಬರೆಯುತ್ತಾಳೆ. ಅವಳ ಶಾಲೆಯಲ್ಲಿ ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಕಟ್ಟುನಿಟ್ಟು ಕ್ರಮವಿದೆ. ವರ್ಷ ಮುಗಿಯುವುದರೊಳಗೆ 80, ಆರನೇ ಕ್ಲಾಸಿಗೆ ಒಟ್ಟು 1026 ಕಾಂಜಿ ಅಕ್ಷರಗಳನ್ನು ಹಾಗೇ ಕಲಿಯಬೇಕು. 'ಳ' ಬಂದಾಗ ಪೆನ್ಸಿಲ್ ಎತ್ತಿ ಕೇಳಿದಳು: "ದೊಡ್ಡಮ್ಮ, ಇದಕ್ಕೆಷ್ಟು ಗೆರೆ? ಎಲ್ಲಿಂದ ಶುರು?"

ಜೀವನವಿಡೀ ಬರೆದ ಅಕ್ಷರ. ನಾನು ಬರೆದು ನೋಡಿದೆ, ತಂಗಿ ಬರೆದು ನೋಡಿದಳು. ಇಬ್ಬರೂ ಬೇರೆ ಬೇರೆ ಕಡೆಯಿಂದ ಹೊರಟಿದ್ದೆವು! ಫೋನಿನಲ್ಲಿ ಮೈಸೂರಿನ ಅಮ್ಮನದು ಮೂರನೆಯ ದಾರಿ. ಮಗು ಎಲ್ಲರದ್ದೂ ಕೇಳಿ, ತಾನೇ ಒಂದು ಕ್ರಮ ಗೊತ್ತುಮಾಡಿ, ನಮ್ಮಿಬ್ಬರಿಂದಲೂ ಒಂದು ಸಾಲು ಬರೆಸಿತು. ತಂಗಿಗೆ ಒಂಟಿ ವೃತ್ತ, ನನಗೆ ತ್ರಿಕೋನ.