ಖುರ್ಚಿ ಜೋಡಿಸುವವರು

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’, ‘ರೂಪಾಲಿ’ಗಳಲ್ಲಿ ತಿಂಡಿ ತಿಂದವರಿಗೆ ಜಗನ್ನಾಥ ಶೆಟ್ಟಿಯವರ ಹೆಸರು ಗೊತ್ತು. ಅವರ ಕಾಲದಲ್ಲಿ ತುಳುನಾಡಿನಿಂದ ಬಂದು ಈ ಊರಿನ ಹೋಟೆಲುಗಳಲ್ಲಿ ದುಡಿದವರನ್ನು ಸಂಘಕ್ಕೆ ಯಾರೂ ಕರೆಯಬೇಕಿರಲಿಲ್ಲ. ಕೆಲಸದ ಸುದ್ದಿ, ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಬರುವ ನಾಲ್ಕು ಜನ, ಮಗಳಿಗೊಬ್ಬ ಗಂಡು, ಎಲ್ಲವೂ ಊರಿನವರು ಸೇರುವಲ್ಲೇ ಸಿಗುತ್ತಿದ್ದವು.

ಅವರ ಮಕ್ಕಳಿಗೆ ಬೇಕಾದದ್ದು ಶಾಲೆ. ಪುಣೆ ಕನ್ನಡ ಸಂಘ ಎರಂಡವಣೆಯಲ್ಲಿ ಡಾ. ಕಲ್ಮಾಡಿ ಶಾಮರಾವ್ ಅವರ ಹೆಸರಿನ ಶಾಲೆಯನ್ನು ನಡೆಸಿತು, ಕಾವೇರಿ ಕಾಲೇಜು ಕಟ್ಟಿತು. ನಾಟಕಕ್ಕೆ ಬಾರದವರೂ ಮಗುವನ್ನು ಬಿಡಲು ಶಾಲೆಯ ಗೇಟಿಗೆ ಬರುತ್ತಾರೆ. ಸಂಘವೊಂದಕ್ಕೆ ಇದಕ್ಕಿಂತ ಒಳ್ಳೆಯ ಆಮಂತ್ರಣ ಪತ್ರಿಕೆ ಇಲ್ಲ.

ಮೊಮ್ಮಕ್ಕಳ ಕಾಲಕ್ಕೆ ಲೆಕ್ಕ ತಪ್ಪುತ್ತದೆ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ಹುಡುಗಿಗೆ ಮರಾಠಿ ಓದಲು ಬರುತ್ತದೆ, ಕನ್ನಡ ಅಕ್ಷರ ಬಾರದು. ರಾಜ್ಯೋತ್ಸವದ ಕರೆಯೋಲೆ ಅಜ್ಜನಿಗಷ್ಟೇ ಓದಲಾಗುವ ಕಾಗದ. ಇನ್ನೊಂದು ಕಡೆ ಹುಬ್ಬಳ್ಳಿ, ಕಲಬುರಗಿಗಳಿಂದ ನೇರ ಹಿಂಜವಡಿಯ ಸಾಫ್ಟ್‌ವೇರ್ ಕಚೇರಿಗೆ ಬಂದ ಹುಡುಗರು. ಇವರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಊರು ಗೊತ್ತಿಲ್ಲ. ರೂಮು ಹುಡುಕಲು ವಾಟ್ಸ್‌ಆ್ಯಪ್ ಗುಂಪು ಸಾಕು.

ಇಬ್ಬರನ್ನೂ ‘ಯುವಪೀಳಿಗೆ’ ಎಂಬ ಒಂದೇ ಚೀಲಕ್ಕೆ ಹಾಕಿ ಕ್ರಿಕೆಟ್ ಪಂದ್ಯ ಏರ್ಪಡಿಸುವುದು ಸುಲಭ. ಭಾನುವಾರ ಮೈದಾನ ತುಂಬುತ್ತದೆ, ವಾರ್ಷಿಕ ಮಹಾಸಭೆಯಲ್ಲಿ ಮತ್ತೆ ಅವೇ ಬಿಳಿ ತಲೆಗಳು. ಒಬ್ಬರಿಗೆ ಇಲ್ಲದ್ದು ಇನ್ನೊಬ್ಬರಲ್ಲಿದೆ ಎಂಬುದನ್ನು ಗಮನಿಸಿದರೆ ದಾರಿ ಬೇರೆ ಕಾಣುತ್ತದೆ. ಹುಬ್ಬಳ್ಳಿಯ ಹುಡುಗ ಅಕ್ಷರ ಕಲಿಸಬಲ್ಲ. ಪುಣೆಯಲ್ಲೇ ಹುಟ್ಟಿದ ಹುಡುಗಿ ಮನೆ ಬಾಡಿಗೆಯ ಮರಾಠಿ ಕರಾರುಪತ್ರ ಓದಿ ಹೇಳಬಲ್ಲಳು. ಹಳೆಯ ಕಾಲದ ಸಂಘವೂ ನಿಂತಿದ್ದದ್ದು ಇಂಥ ಕೊಡುಕೊಳ್ಳುವಿಕೆಯ ಮೇಲೆಯೇ.

ಕಷ್ಟದ ಭಾಗ ಹಿರಿಯರದ್ದು. ಕಿರಿಯರು ಬರಲಿ ಎನ್ನುತ್ತಾರೆ. ಬಂದವರಿಗೆ ಖುರ್ಚಿ ಜೋಡಿಸುವ, ಬ್ಯಾನರ್ ಕಟ್ಟುವ ಕೆಲಸ ಕೊಡುತ್ತಾರೆ. ರಸೀದಿ ಪುಸ್ತಕ, ಬ್ಯಾಂಕಿನ ಸಹಿ, ಯಾವ ಕಾರ್ಯಕ್ರಮ ಬೇಡ ಎನ್ನುವ ಅಧಿಕಾರ ಮಾತ್ರ ಕೈ ಬದಲಿಸುವುದಿಲ್ಲ. ಹದಿನೈದನೇ ವಯಸ್ಸಿನಲ್ಲಿ ಹೋಟೆಲಿಗೆ ಸೇರಿ, ಇಪ್ಪತ್ತೈದಕ್ಕೆ ಗಲ್ಲಾದಲ್ಲಿ ಕೂತು ದುಡ್ಡೆಣಿಸಿದವರಿಗೆ ಇಪ್ಪತ್ತೈದರ ಮೊಮ್ಮಗಳು ಖಜಾಂಚಿಯಾಗಲು ಚಿಕ್ಕವಳಾಗಿ ಕಾಣುತ್ತಾಳೆ.

ಆ ಸಹಿ ಹಿರಿಯರು ಇರುವಾಗಲೇ ದಾಟಬೇಕು. ತಪ್ಪಿದರೆ ಕೇಳಲು, ತಿದ್ದಲು ಯಾರೂ ಇರುವುದಿಲ್ಲ. ಆಮೇಲೆ ಸಭಾಂಗಣವೇನೋ ಉಳಿದೀತು, ಮದುವೆಗೆ ಬಾಡಿಗೆಗೂ ಹೋದೀತು. ಆದರೆ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಬರುವ ನಾಲ್ಕು ಜನರನ್ನು ಕಟ್ಟಡ ಕಳಿಸಲಾರದು.